ಸೇಡಿನ ಹೋಳಿಗೆ

ಕೆಲವರಿಗೆ ಮರೆಯುವ ಗುಣ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ನನ್ನನ್ನು ನೋಯಿಸಿದವರು ಆಡಿದ ಮಾತು, ಆಗ ಅವರು ನಿಂತಿದ್ದ ಜಾಗ, ತೊಟ್ಟಿದ್ದ ಬಟ್ಟೆ ಎಲ್ಲ ನೆನಪಿರುತ್ತದೆ. ನನ್ನ ಮಕ್ಕಳು ಇದನ್ನು ಕಾಯಿಲೆ ಅನ್ನುತ್ತಾರೆ. ಯಾವ ಕಾಲದ ಮಾತು, ಬಿಟ್ಟುಬಿಡು ಅನ್ನುತ್ತಾರೆ. ಬಿಡುವುದನ್ನು ನನಗೆ ಯಾರೂ ಕಲಿಸಲೇ ಇಲ್ಲ. ಮಸ್ಕಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಎಷ್ಟು ಮುತುವರ್ಜಿಯಿಂದ ಕಲಿಸುತ್ತಿದ್ದರೋ ಅಷ್ಟೇ ಮುತುವರ್ಜಿಯಿಂದ ಸೇಡು ಇಟ್ಟುಕೊಳ್ಳುವುದನ್ನೂ ಕಲಿಸಿದರು. ಕಲಿಸಿದವಳು ಆಯಿ, ನಮ್ಮಪ್ಪನ ತಾಯಿ. ಆ ವಿದ್ಯೆ ನನ್ನ ಕೈಗೆ ಪೂರ್ತಿ ಹತ್ತಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ನಮ್ಮೂರಿನ ಫುಟ್‌ಬಾಲ್ ತಂಡ ಕಪ್ ಗೆದ್ದ ಮರುವರ್ಷ ಅದು, ಹೋದ ಹೋದಲ್ಲೆಲ್ಲ ಸೋತ ವರ್ಷ.

ನಮ್ಮ ಮನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಗೆ ಮುಖ ಮಾಡಿತ್ತು. ಮುಂದಿನ ಕೋಣೆಯೇ ಅಪ್ಪನ ಸೈಕಲ್ ಅಂಗಡಿ. ಅಲ್ಲಿ ರಬ್ಬರ್ ಸೊಲ್ಯೂಷನ್ನಿನ ವಾಸನೆ, ಗೋಡೆಗೆ ನೇತುಬಿದ್ದ ಹಳೇ ಟೈರುಗಳು, ಪಂಕ್ಚರ್ ಹುಡುಕಲು ನೀರು ತುಂಬಿಟ್ಟ ಒಂದು ಅರ್ಧಕ್ಕೆ ಸೀಳಿದ ಡಬ್ಬ. ಅಂಗಡಿ ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ನಡುಮನೆ. ನಡುಮನೆಯ ಗೋಡೆಯಲ್ಲಿ ದೇವರ ಜಗಲಿ, ಅದರ ಪಕ್ಕದ ಬಾಗಿಲು ಅಡುಗೆಮನೆಗೆ. ಆಯಿ ದಿನವಿಡೀ ಪಡಸಾಲೆಗೂ ನಡುಮನೆಗೂ ನಡುವಿನ ಹೊಸ್ತಿಲ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದಳು. ಯಾರು ಎಲ್ಲಿಯವರೆಗೆ ಬರಬಹುದು ಎನ್ನುವುದು ಅವಳಿಗೆ ಬಿಟ್ಟ ವಿಷಯ. ಗಿರಾಕಿಗಳು ಅಂಗಡಿಯಲ್ಲೇ ನಿಲ್ಲಬೇಕು, ಗುರುತಿನವರು ಪಡಸಾಲೆಯ ಚಾಪೆಯವರೆಗೆ ಬರಬಹುದು, ನಮ್ಮವರು ಮಾತ್ರ ಒಳಗೆ. ಇದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬತ್ತಿ ಹೊಸೆಯುವ ಕೈ ನಿಂತಿತೆಂದರೆ ಬಂದವರ ಕಾಲೂ ನಿಲ್ಲುತ್ತಿತ್ತು.

ಫುಟ್‌ಬಾಲ್ ನಮ್ಮ ಮನೆಗೆ ಬಂದದ್ದು ಪಂಕ್ಚರ್ ಆಗಿ. ಸಿಂಧನೂರಿನ ಆಚೆ, ನಿರಾಶ್ರಿತರಿಗೆಂದು ಕಟ್ಟಿದ್ದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗರು ಮಸ್ಕಿಯ ಹೈಸ್ಕೂಲ್ ಮೈದಾನಕ್ಕೆ ಆಡಲು ಬಂದಿದ್ದಾಗ ಚೆಂಡಿನ ಗಾಳಿ ಇಳಿಯಿತಂತೆ. ಅಂಗಡಿಗೆ ತಂದರು. ಅಪ್ಪ ಚರ್ಮದ ಹೊಲಿಗೆಯ ದಾರ ಬಿಚ್ಚಿ, ಒಳಗಿನ ಬ್ಲಾಡರ್ ಹೊರಗೆಳೆದು, ನೀರಿನ ಡಬ್ಬದಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಕಡೆ ತೇಪೆ ಹಚ್ಚಿದ. ತನ್ನ ತೇಪೆ ನಿಲ್ಲುತ್ತದೋ ಇಲ್ಲವೋ ನೋಡಿ ಬರಲು ಮೈದಾನಕ್ಕೆ ಹೋದವನು ಕತ್ತಲಾಗುವವರೆಗೆ ಬರಲಿಲ್ಲ. ಬಂದಾಗ ಅವನ ಕಣ್ಣುಗಳೇ ಬೇರೆಯಾಗಿದ್ದವು. ಆಮೇಲೆ ಮಸ್ಕಿಗೂ ಒಂದು ತಂಡ ಹುಟ್ಟಿತು. ಅಪ್ಪ ಅದರ ಹಿರಿಯ. ಅವನ ತಮ್ಮ ವೀರೇಶ ಕಾಕಾ ಎತ್ತರದ ಆಳು, ಗೋಲ್ ಕಾಯಲು ನಿಂತ. ಆಯಿ ಒಂದೇ ಒಂದು ಆಟವನ್ನೂ ನೋಡದೆ, ಪಡಸಾಲೆಯಲ್ಲಿ ನಡೆಯುವ ಜಗಳ ಕೇಳಿಯೇ ಆಟ ಕಲಿತಳು. ಯಾರನ್ನು ಮುಂದೆ ಬಿಡಬೇಕು, ಯಾರನ್ನು ಹಿಂದೆ ನಿಲ್ಲಿಸಬೇಕು ಎಂದು ಬತ್ತಿ ಹೊಸೆಯುತ್ತ ಹೇಳುತ್ತಿದ್ದಳು. ಕಾಕಾ ಮೊದಮೊದಲು ನಗುತ್ತಿದ್ದ, ಆಮೇಲೆ ಅವಳು ಹೇಳಿದ ಹಾಗೇ ಮಾಡುತ್ತಿದ್ದ.

ಸುಬಲ್ ಆ ಕ್ಯಾಂಪಿನವನು. ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಸಣ್ಣ ಆಳು, ಆದರೆ ಚೆಂಡು ಅವನ ಕಾಲಿಗೆ ಬಂದರೆ ಬಿಟ್ಟುಹೋಗಲು ಅದಕ್ಕೇ ಮನಸ್ಸಿರುತ್ತಿರಲಿಲ್ಲ. ದಿನವೂ ಕ್ಯಾಂಪಿಗೆ ಹೋಗಿಬಂದು ದಣಿದರೆ ಆಟಕ್ಕೆ ಒದಗುವುದಿಲ್ಲವೆಂದು ಅಪ್ಪ ಅವನಿಗೆ ಅಂಗಡಿಯಲ್ಲೇ ಮಲಗಲು ಜಾಗ ಕೊಟ್ಟ. ಊಟ ನಮ್ಮದು. ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡ ನಮ್ಮ ಹಾಗೇ ಆಡುತ್ತಿದ್ದ. ಅಪ್ಪನಿಗೆ ಅಣ್ಣಾರು, ಅವ್ವನಿಗೆ ಅತ್ತಿಗೆ ಎಂಬ ಅರ್ಥದಲ್ಲಿ ವೈನಿ, ಆಯಿಗೆ ಆಯಿ ಅನ್ನುತ್ತಿದ್ದ. ಅವನ ತಾಟನ್ನು ಅಂಗಡಿಗೆ ಒಯ್ಯುವ ಕೆಲಸ ನನ್ನದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ಟೈರುಗಳ ನಡುವೆ ಚೀಲ ಹಾಸಿಕೊಂಡು ಉಣ್ಣುತ್ತಿದ್ದ. ಉಂಡಮೇಲೆ ತಾಟನ್ನು ತಾನೇ ತೊಳೆದು ಅಂಗಡಿಯ ಗೂಡಿನಲ್ಲಿ ಬೋರಲು ಇಡುತ್ತಿದ್ದ. ಆ ತಾಟು ಒಳಗೆ ಬರುತ್ತಿರಲಿಲ್ಲ. ನನಗೆ ಅದು ವಿಚಿತ್ರ ಅನ್ನಿಸಿರಲಿಲ್ಲ. ಗಿರಾಕಿ ಅಂಗಡಿಯಲ್ಲಿ, ನಮ್ಮವರು ಒಳಗೆ ಅನ್ನುವ ಹಾಗೆ ಇದೂ ಒಂದು ಎಂದುಕೊಂಡಿದ್ದೆ.

ಆ ವರ್ಷ ಲಿಂಗಸುಗೂರಿನಲ್ಲಿ ಅವರ ಊರವರ ಮುಂದೆಯೇ ಅವರನ್ನು ಸೋಲಿಸಿ ನಾವು ಕಪ್ ಗೆದ್ದೆವು. ಎರಡು ಗೋಲೂ ಸುಬಲ್‌ನವೇ. ತಂಡ ಬಸ್ಸಿನ ಟಾಪಿನ ಮೇಲೆ ಕೂತು ಊರಿಗೆ ಬಂತು. ಗುಲಾಲು ಎರಚಿ ಎರಚಿ ರಸ್ತೆಯೇ ಕೆಂಪಾಯಿತು. ಆಯಿ ಅಂಗಡಿಯ ಬಾಗಿಲಲ್ಲಿ ಎಲ್ಲರಿಗೂ ಆರತಿ ಎತ್ತಿದಳು, ಸುಬಲ್‌ಗೂ ಎತ್ತಿದಳು, ಅವನಿಗೆ ದೃಷ್ಟಿ ನಿವಾಳಿಸಿದ್ದೂ ಆಯಿತು. ಕಪ್ಪನ್ನು ನಡುಮನೆಗೆ ಒಯ್ದು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು. ಹುಡುಗರು ಪಡಸಾಲೆಯಲ್ಲಿ ಕೂತು ಶಿರಾ ತಿಂದರು. ನಾನು ಎಂದಿನಂತೆ ಒಂದು ತಾಟಿನಲ್ಲಿ ಶಿರಾ ಹಾಕಿಸಿಕೊಂಡು ಅಂಗಡಿಗೆ ಹೋದೆ. ಸುಬಲ್‌ನ ಮೈಮೇಲೆಲ್ಲ ಗುಲಾಲು. ತಾಟು ಕೈಗೆ ತಗೊಂಡು, ಶಿರಾ ಆರುವವರೆಗೆ ಒಳಗಿನ ನಗು ಕೇಳುತ್ತಿದ್ದ. ಆಮೇಲೆ ತಿಂದ. ಅಂದಿನಿಂದ ಆಯಿ ದಿನಾ ಲಿಂಗಪೂಜೆ ಮುಗಿಸಿ ಕಪ್ಪಿಗೂ ಒಂದು ಹೂವಿಡುತ್ತಿದ್ದಳು. ಊರಿನವರು ಬಂದು ಹೊಸ್ತಿಲಾಚೆಯಿಂದ ಕೈಮುಗಿದು ಹೋಗುತ್ತಿದ್ದರು.

ಆ ಮಳೆಗಾಲದಲ್ಲಿ ಒಂದು ಸಂಜೆ ಜೋರು ಮಳೆ ಹೊಡೆಯಿತು. ಅಂಗಡಿಯ ತಗಡು ಸೋರಿ ಒಳಗೆಲ್ಲ ನೀರು. ಸುಬಲ್ ಒಂದು ಮೂಲೆಯಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನಿಂತಿದ್ದ. ತಾಟು ಒಯ್ದ ನಾನು ಅದನ್ನು ಇಡಲು ಜಾಗವಿಲ್ಲದೆ ತಿರುಗಿ ಬಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವ, ಬಹಳ ಯೋಚಿಸಿಕೊಂಡು, ಆಯಿಯನ್ನು ಕೇಳಿದಳು.

“ಅತ್ತೀ, ಅಂಗಡ್ಯಾಗ ಕಾಲಿಡಾಕ ಜಾಗಾ ಇಲ್ರಿ. ಇವತ್ತೊಂದಿನ ಒಳಗ ಕುಂದ್ರಸಿ ಉಣ್ಣಾಕ ಹಾಕ್ಲೇನ್ರಿ?”

“ನಿನ್ನ ತವರುಮನಿಗೆ ಕರ್ಕೊಂಡು ಹೋಗಿ ಹಾಕು. ಅಲ್ಲಿ ನಡದೀತು. ಮೀನಾ ತಿನ್ನೋ ಮಂದಿ, ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ. ಚೆಂಡು ಒದ್ದ ಮಾತ್ರಕ್ಕ ನಡುಮನಿಗೆ ಬರಬೇಕೇನು?”

ಅವ್ವ ಒಲೆಯ ಕಡೆ ತಿರುಗಿದಳು. ನಮ್ಮವ್ವ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಸುಬಲ್ ಅಂದು ನಿಂತೇ ಉಂಡ. ಮಳೆ ಅಂಗಡಿಯ ಬಾಗಿಲಲ್ಲಿ ಹೊಡೆಯುತ್ತಿತ್ತು, ಒಳಗಿನ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ ನಾನು ಯೋಚಿಸಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಸುಬಲ್ ಅಂಗಡಿಯ ಕೀಲಿಯನ್ನು ಅಪ್ಪನ ಕೈಗೆ ಕೊಟ್ಟು, ಲಿಂಗಸುಗೂರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿ ಬಸ್ ಹತ್ತಿದ. ಕೆಲಸವಷ್ಟೇ ಎಂದು ನಾವು ತಿಳಿದಿದ್ದೆವು. ವಾರ ಕಳೆಯುವಷ್ಟರಲ್ಲಿ ಸುದ್ದಿ ಬಂತು. ಅವನು ಲಿಂಗಸುಗೂರು ತಂಡ ಸೇರಿದ್ದ, ಅವನನ್ನೇ ಕ್ಯಾಪ್ಟನ್ ಮಾಡಿದ್ದರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿತೇ ವಿನಾ ಯಾರೂ ಸರಿಯಾಗಿ ಉಣ್ಣಲಿಲ್ಲ. ಕಾಕಾ ಗೋಡೆಗೆ ಗುದ್ದಿ ಕೈ ಊದಿಸಿಕೊಂಡ. ಅಪ್ಪ ಒಂದೇ ಟ್ಯೂಬಿಗೆ ಮೂರು ಸಲ ತೇಪೆ ಹಚ್ಚಿದ. ಆಯಿ ಮಾತ್ರ ಶಾಂತಳಾಗಿದ್ದಳು. ಅವಳು ಶಾಂತಳಾದರೆ ಮನೆಯವರೆಲ್ಲ ಹೆದರುತ್ತಿದ್ದೆವು.

“ನಾಗೀ, ಅವನ ಮಾರಿ ಬರೋಬರಿ ನೆನಪಿಟ್ಕೋ. ಒಬ್ಬಾಕಿ ಮರತ್ರ ಇನ್ನೊಬ್ಬಾಕಿಗೆ ನೆನಪಿರಬೇಕು,” ಎಂದಳು ನನ್ನನ್ನು ಕರೆದು.

ನಾನು ನೆನಪಿಟ್ಟುಕೊಂಡೆ. ತಂಡದ ಫೋಟೋ ಪಡಸಾಲೆಯ ಗೋಡೆಯ ಮೇಲಿತ್ತು. ಶಾಲೆಗೆ ಹೋಗುವಾಗ ಬರುವಾಗ ಅದರ ಮುಂದೆ ನಿಂತು ಅವನ ಕಾಲು ಮುರಿಯಲಿ, ಮುರಿಯದಿದ್ದರೆ ಉಳುಕಲಿ, ಉಳುಕದಿದ್ದರೆ ಮುಳ್ಳಾದರೂ ಚುಚ್ಚಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವನಿಗಾಗಿ ತಾಟು ಹೊತ್ತವಳು ನಾನು, ಆ ನೋವು ಬೇರೆ. ಮನೆಯಲ್ಲಿ ಎಲ್ಲರೂ ಅವರವರ ಕೈಲಾದ ಸೇಡು ತೀರಿಸುತ್ತಿದ್ದರು. ಲಿಂಗಸುಗೂರು ಕಡೆಯವರ ಸೈಕಲ್ಲು ನಮ್ಮ ಅಂಗಡಿಗೆ ಬಂದರೆ ಅಪ್ಪ ಪಂಪನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ಗಾಳಿ ಇಲ್ಲ ಅನ್ನುತ್ತಿದ್ದ. ಗಾಳಿ ಹೇಗೆ ಖಾಲಿಯಾಗುತ್ತದೆ ಎಂದು ಅವರು ಕೇಳಿದರೆ, ಮಸ್ಕಿಯ ಗಾಳಿ ಮಸ್ಕಿಯವರಿಗೆ ಸಾಲುತ್ತಿಲ್ಲ ಅನ್ನುತ್ತಿದ್ದ. ಲಿಂಗಸುಗೂರಿನಿಂದ ಬಳೆ ಮಾರಲು ಬರುತ್ತಿದ್ದ ಹೆಂಗಸನ್ನು ಆಯಿ ಬಾಗಿಲಿನಿಂದಲೇ ಕಳಿಸಿದಳು. ಪಾಪ, ಅವಳಿಗೆ ಚೆಂಡು ಯಾವ ಆಕಾರದಲ್ಲಿದೆ ಎಂಬುದೂ ಗೊತ್ತಿರಲಿಲ್ಲ.

ಆದರೆ ಮೈದಾನದಲ್ಲಿ ಸೇಡು ಕೈಗೂಡಲಿಲ್ಲ. ಸುಗ್ಗಿ ಮುಗಿದು ಆಟಗಳು ಶುರುವಾದವು. ಮುಕ್ಕುಂದದಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಆಡಿ ಸೋತೆವು, ಕೂಳೆ ಚುಚ್ಚಿತು ಎಂದು ನೆಪ ಹೇಳಿದೆವು. ಸಿಂಧನೂರಿನಲ್ಲಿ ಸೋತೆವು, ರೆಫ್ರಿ ಕುರುಡ ಎಂದೆವು. ಕ್ಯಾಂಪಿನಲ್ಲಿ ಸೋತಾಗ ಹೇಳಲು ನೆಪ ಉಳಿದಿರಲಿಲ್ಲ. ಹಿಂದಿನ ವರ್ಷ ಗುಲಾಲು ಎರಚಿದ ಜನ ಈಗ ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದು, ಸೈಕಲ್ಲಿಗಾದರೂ ತೇಪೆ ಹಚ್ಚಬಹುದು ಬಿಡಿ ಅನ್ನುತ್ತಿದ್ದರು. ಲಿಂಗಸುಗೂರು ಬಸ್ಸಿನ ಕಂಡಕ್ಟರ್ ನಮ್ಮ ಅಂಗಡಿಯ ಮುಂದೆ ಬಂದ ಕೂಡಲೇ ನಾವು ಎಷ್ಟು ಗೋಲು ತಿಂದಿದ್ದೆವೋ ಅಷ್ಟು ಸಲ ಸೀಟಿ ಊದುತ್ತಿದ್ದ. ಸೀಟಿ ಕೇಳಿದರೆ ಅಪ್ಪನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನ ನೆಲಕ್ಕೆ ಬೀಳುತ್ತಿತ್ತು. ಊಟಕ್ಕೆ ಕೂತರೆ ಅಪ್ಪನಿಗೂ ಕಾಕಾನಿಗೂ ಜಗಳ. ಸುಬಲ್ ಇದ್ದಿದ್ದರೆ ಎಂದು ಕಾಕಾ ಒಮ್ಮೆ ಬಾಯಿ ತಪ್ಪಿ ಅಂದಾಗ ಆಯಿ ಅವನ ತಾಟಿನಿಂದ ರೊಟ್ಟಿ ಎತ್ತಿಕೊಂಡಳು. ಆ ಹೆಸರು ಹೇಳಿದ ಬಾಯಿಗೆ ನನ್ನ ಮನೆಯಲ್ಲಿ ರೊಟ್ಟಿ ಇಲ್ಲ ಎಂದಳು.

ಉಳಿದದ್ದು ಕಪ್ಪಿನ ಆಟ ಒಂದೇ. ನಮ್ಮ ಸೀಮೆಯಲ್ಲಿ ಆ ಕಪ್ಪಿಗೆ ಒಂದು ರೂಢಿಯಿತ್ತು. ಕಪ್ ಯಾವ ಊರಿನಲ್ಲಿದೆಯೋ ಆ ಊರಿನ ತಂಡ ಬೇರೆ ಆಟ ಎಷ್ಟೇ ಸೋತಿರಲಿ, ಕೊನೆಯ ಆಟಕ್ಕೆ ನೇರವಾಗಿ ಇಳಿಯಬಹುದು. ಉಳಿದವರು ತಮ್ಮತಮ್ಮಲ್ಲಿ ಆಡಿ, ಗೆದ್ದವರು ಕಪ್ ಇದ್ದ ಊರಿಗೆ ಬರಬೇಕು. ಬಂದ ದಿನ ಮಧ್ಯಾಹ್ನ ಎರಡೂ ತಂಡಕ್ಕೆ ಕಪ್ ಇದ್ದ ಮನೆಯಲ್ಲೇ ಊಟ. ಅದೂ ಕಪ್ಪಿನ ಎದುರು, ಎರಡು ಪಂಕ್ತಿಯಲ್ಲಿ ಎದುರುಬದುರು ಕೂತು. ಸಂಜೆ ಆಟ. ಗೆದ್ದವರ ಕ್ಯಾಪ್ಟನ್ ಮತ್ತೆ ಆ ಮನೆಗೆ ಬಂದು ಮನೆಯ ಹಿರಿಯಳ ಕೈಯಿಂದ ಕಪ್ ತೆಗೆದುಕೊಳ್ಳಬೇಕು. ಹಿಂದಿನ ವರ್ಷ ಲಿಂಗಸುಗೂರಿನಲ್ಲಿ ಯಾರದೋ ದೊಡ್ಡ ಮನೆಯಲ್ಲಿ ನಮ್ಮ ಹುಡುಗರು ಹೀಗೇ ಉಂಡಿದ್ದರು, ಸುಬಲ್ ಕೂಡ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತಿದ್ದನಂತೆ. ಈ ವರ್ಷ ಎಲ್ಲರನ್ನೂ ಸೋಲಿಸಿ ನಮ್ಮ ಮನೆಗೆ ಬರುವವರು ಲಿಂಗಸುಗೂರಿನವರೇ ಎಂದು ಗೊತ್ತಾದಾಗ ಅಪ್ಪನ ಮುಖ ಸಣ್ಣದಾಯಿತು. ಕಪ್ ಹೋದರೆ ಆ ರಸ್ತೆಯಲ್ಲಿ ಅಂಗಡಿ ತೆಗೆದು ಕೂರುವುದು ಹೇಗೆಂದು ಅವನಿಗೆ ತೋಚುತ್ತಿರಲಿಲ್ಲ. ಅದಕ್ಕಿಂತ ಮೊದಲು ಇನ್ನೊಂದು ಮಾತಿತ್ತು, ಅದನ್ನು ಅವನು ಆಯಿಯ ಮುಂದೆ ತಡವರಿಸುತ್ತ ತೆಗೆದ.

“ಯವ್ವಾ, ಪಂಕ್ತಿ ನಡುಮನ್ಯಾಗ ಆಗ್ಬೇಕು. ಕ್ಯಾಪ್ಟನ್ ಅಂದ್ರ ಸುಬಲ್... ಅವನೂ ಒಳಗ ಬರ್ತಾನ.”

“ಗೊತ್ತೈತಿ. ಬರ್ಲಿ. ಅವನ್ನ ಕಪ್ಪಿನ ಕೆಳಗಽ ಕುಂದ್ರಸು, ನನ್ನ ಕಣ್ಣ ಮುಂದ. ಅವಂಗ ಬ್ಯಾರೆ ಯಾರೂ ನೀಡಂಗಿಲ್ಲ, ನಾನಽ ನೀಡಾಕಿ.”

ಅಪ್ಪ ಬಿಟ್ಟಗಣ್ಣಿನಿಂದ ನೋಡಿದ. ಅವ್ವ ಅಡುಗೆಮನೆಯಲ್ಲಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು. ಆಯಿ ನಮ್ಮನ್ನೆಲ್ಲ ಹತ್ತಿರ ಕರೆದು ತನ್ನ ಯೋಚನೆ ಹೇಳಿದಳು. ಊಟಕ್ಕೆ ಹೋಳಿಗೆ. ಹೋಳಿಗೆಯ ಮೇಲೆ ಎಮ್ಮೆ ತುಪ್ಪ, ಬಿಸಿ ಹಾಲು. ನಮ್ಮ ಕಡೆ ಬೀಗರಿಗೆ ಒತ್ತಾಯ ಮಾಡಿ ಬಡಿಸುವುದು ಹೇಗೋ ಹಾಗೆ, ಬೇಡ ಬೇಡ ಎಂದರೂ ಎಲೆಯ ಮೇಲೆ ಹಾಕುತ್ತಲೇ ಇರಬೇಕು. ಎಲೆಯಲ್ಲಿ ಬಿದ್ದದ್ದನ್ನು ಬಿಟ್ಟು ಏಳುವುದು ಮರ್ಯಾದೆಯಲ್ಲ. ಆ ಹೊಟ್ಟೆ ಹೊತ್ತುಕೊಂಡು ಸಂಜೆ ಅವನು ಹೇಗೆ ಓಡುತ್ತಾನೆ ನೋಡೋಣ. ವಿಷ ಹಾಕಿದ ಹಾಗೂ ಆಗುವುದಿಲ್ಲ, ಬಂದವರಿಗೆ ಉಪಚಾರ ಮಾಡಿಲ್ಲವೆಂದು ಯಾರೂ ಅನ್ನುವ ಹಾಗೂ ಇಲ್ಲ. ಅವಳು ಇದನ್ನು ಹೇಳುತ್ತಿದ್ದರೆ ಖುಷಿಯಿಂದ ನನ್ನ ಮೈ ಜುಮ್ಮೆಂದಿತು. ನನ್ನ ಹರಕೆಗಳಿಗೆ ಕಿವಿಗೊಡದ ದೇವರ ಕೆಲಸವನ್ನು ಆಯಿ ತಾನೇ ಕೈಗೆತ್ತಿಕೊಂಡಿದ್ದಳು. ಕಾಕಾ ಮಾತ್ರ ತಲೆ ಕೆರೆದುಕೊಂಡ.

“ಅಲ್ಲಬೇ ಯವ್ವಾ, ಎದುರಿನ ಪಂಕ್ತ್ಯಾಗ ನಾವೂ ಕುಂತಿರ್ತೀವಲ್ಲ?”

“ನೀವು ಒಂದೊಂದು ತಿಂದು ಸುಮ್ಕ ಕೈ ಆಡಸ್ಕೋತ ಕುಂದರ್ರಿ. ಅಷ್ಟೂ ತಿಳಿಯಂಗಿಲ್ಲೇನು?”

ಆಟದ ದಿನ ಬೆಳಗಿನ ಜಾವದಿಂದ ಅವ್ವ ಹೋಳಿಗೆ ಮಾಡಿದಳು. ಹೂರಣ ರುಬ್ಬಿ ರುಬ್ಬಿ ನನ್ನ ರಟ್ಟೆ ಬಿದ್ದುಹೋಯಿತು. ಮಧ್ಯಾಹ್ನ ಲಿಂಗಸುಗೂರಿನವರು ಬಂದರು. ಒಬ್ಬೊಬ್ಬರಾಗಿ ಕಾಲು ತೊಳೆದುಕೊಂಡು ಒಳಗೆ ಬಂದು ಪತ್ರಾವಳಿಯ ಮುಂದೆ ಕೂತರು. ಕೊನೆಗೆ ಬಂದವನು ಸುಬಲ್. ಬಿಳಿ ಅಂಗಿ ಹಾಕಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಮದುವೆಗೆ ಬಂದವನ ಹಾಗೆ ಕಂಡ. ಅಂಗಡಿ ದಾಟಿದ, ಪಡಸಾಲೆ ದಾಟಿದ, ನಡುಮನೆಯ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟ. ಆಯಿಯನ್ನೇ ನೋಡುತ್ತಿದ್ದ.

“ಬಾರಪ್ಪ, ಯಾಕ ನಿಂತಿ? ಒಳಗ ಬಾ,” ಎಂದಳು ಆಯಿ. ಅವಳ ಬಾಯಿಂದ ಅಷ್ಟು ಮೃದುವಾದ ಮಾತು ನಾನು ಕೇಳಿರಲೇ ಇಲ್ಲ.

ಅವನು ಒಳಗೆ ಬಂದು ಕಪ್ಪಿನ ಕೆಳಗೆ ಕೂತ. ಆಯಿ ಸೆರಗು ಸಿಕ್ಕಿಸಿ ಬಡಿಸಲು ನಿಂತಳು. ಮೊದಲ ಹೋಳಿಗೆ, ಅದರ ಮೇಲೆ ತುಪ್ಪ. ಅವನು ನಿಧಾನವಾಗಿ ಮುರಿದು, ನಿಧಾನವಾಗಿ ಅಗಿದು, ಗೋಡೆ, ಜಗಲಿ, ತೊಲೆ ಎಲ್ಲವನ್ನೂ ನೋಡುತ್ತ ತಿಂದ. ಮುಗಿಯುವ ಮೊದಲೇ ಆಯಿ ಇನ್ನೊಂದು ಹಾಕಿದಳು. ಉಳಿದವರೆಲ್ಲ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರೆ ಸುಬಲ್ ಅಡ್ಡ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಆಯಿಯ ಒತ್ತಾಯದ ಅಗತ್ಯವೇ ಉಳಿಯಲಿಲ್ಲ.

“ಇನ್ನೊಂದು ಹಾಕ್ರಿ ಆಯಿ.”

“ತಿನ್ನಪ್ಪ ತಿನ್ನು, ಸಂಕೋಚ ಮಾಡ್ಬ್ಯಾಡ.”

“ತುಪ್ಪ ಸ್ವಲ್ಪ ಜಾಸ್ತಿ ಹಾಕ್ರಿ.”

ಆಯಿಯ ಕಣ್ಣುಗಳು ಹೊಳೆಯುತ್ತಿದ್ದವು. ಬಗ್ಗಿ ಬಗ್ಗಿ ಬಡಿಸಿ ಸೊಂಟ ಹಿಡಿದರೂ ಬುಟ್ಟಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ಎದುರಿನ ಪಂಕ್ತಿಯಲ್ಲಿ ನಮ್ಮ ಹುಡುಗರ ಅವಸ್ಥೆ ಬೇರೆಯಾಗಿತ್ತು. ಬಂದವರು ತಿನ್ನುತ್ತಿರುವಾಗ ಮನೆಯವರು ಕೈ ಕಟ್ಟಿ ಕೂರಬಾರದು, ಅದು ಪಂಕ್ತಿಯ ರೀತಿಯಲ್ಲ. ಅದರ ಮೇಲೆ ಅವ್ವನ ಹೋಳಿಗೆ. ಒಂದು ತಿಂದು ಕೈ ಆಡಿಸುತ್ತ ಕೂರುವುದು ಹಿಂದಿನ ರಾತ್ರಿಯ ಮಾತಾಯಿತು. ಆ ಪಂಕ್ತಿಗೆ ಬಡಿಸುತ್ತಿದ್ದವಳು ನಾನು. ಕಾಕಾ ನನ್ನ ಮುಖ ನೋಡದೆ ಎಲೆ ಮುಂದೆ ಸರಿಸುತ್ತಿದ್ದ. ಸುಬಲ್ ಏಳುವವರೆಗೆ ಯಾರೂ ಏಳುವ ಹಾಗಿರಲಿಲ್ಲ, ಸುಬಲ್ ಏಳುತ್ತಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ಅವನನ್ನು ನೋಡುತ್ತಿದ್ದಳು. ಅವನು ಒಮ್ಮೆ ತಲೆಯೆತ್ತಿ ಅವಳತ್ತ ನೋಡಿದ. ಅವ್ವ ಬಾಗಿಲಿನಿಂದ ಸರಿದಳು.

ಸಂಜೆ ಆಟಕ್ಕೆ ಆಯಿ ಮೊದಲ ಸಲ ಮೈದಾನಕ್ಕೆ ಬಂದಳು. ಗುಡ್ಡದ ಕಡೆಯ ಬೇವಿನ ಮರದ ಕೆಳಗೆ ಅವಳಿಗೊಂದು ಕುರ್ಚಿ ಹಾಕಿದ್ದರು. ಅವ್ವ ಬರಲಿಲ್ಲ, ಮನೆಯಲ್ಲಿ ಪಾತ್ರೆಗಳ ಗುಡ್ಡವೇ ಬಿದ್ದಿತ್ತು, ಅವಳು ಇನ್ನೂ ಉಂಡೂ ಇರಲಿಲ್ಲ. ಆಟ ಶುರುವಾದರೆ ಯಾರೂ ಓಡುತ್ತಿಲ್ಲ. ಲಿಂಗಸುಗೂರಿನವರು ಓಡುತ್ತಿಲ್ಲ, ನಮ್ಮವರಂತೂ ಇಲ್ಲವೇ ಇಲ್ಲ. ಚೆಂಡೊಂದೇ ಊರ ಹಿರಿಯನ ಹಾಗೆ ಮೈದಾನದಲ್ಲಿ ಅಡ್ಡಾಡಿಕೊಂಡಿತ್ತು. ನಮ್ಮ ಒಬ್ಬ ಹುಡುಗ ಗೆರೆಯಾಚೆ ಹೋಗಿ ವಾಂತಿ ಮಾಡಿ ಬಂದ. ಸುಬಲ್ ನಮ್ಮ ಗೋಲಿನ ಸಮೀಪ ಹೂಳಿಟ್ಟ ಕಲ್ಲಿನ ಹಾಗೆ ನಿಂತುಬಿಟ್ಟಿದ್ದ. ಊರ ಹುಡುಗರು ಹೋಳಿಗಿ, ಹೋಳಿಗಿ ಎಂದು ಕೂಗಿದರು. ಅವರಿಗೆ ಸುದ್ದಿ ಮುಟ್ಟಿಸಿದವಳು ನಾನೇ. ಆಯಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅವನು ಕೂಗಿದವರ ಕಡೆ ತಿರುಗಿಯೂ ನೋಡಲಿಲ್ಲ. ಇವನಿಂದ ಇನ್ನೇನೂ ಆಗುವುದಿಲ್ಲವೆಂದು ನಮ್ಮವರು ಅವನನ್ನು ಕಾಯುವುದನ್ನೇ ಬಿಟ್ಟರು. ಹೊತ್ತು ಮುಳುಗುವ ಮುಂಚೆ ಚೆಂಡು ಯಾರದೋ ಕಾಲಿಗೆ ಬಡಿದು ಅವನು ನಿಂತಲ್ಲಿಗೇ ಉರುಳಿ ಬಂತು. ಅವನು ಓಡಲಿಲ್ಲ. ಒಂದು ಕಾಲು ಎತ್ತಿ ಒದ್ದ, ಅಷ್ಟೇ. ವೀರೇಶ ಕಾಕಾ ಜಿಗಿದ, ಆದರೆ ಅವನ ಹೊಟ್ಟೆ ಅವನ ಜೊತೆ ಜಿಗಿಯಲಿಲ್ಲ. ಅದೊಂದೇ ಗೋಲು. ಅಷ್ಟರಲ್ಲಿ ಆಟ ಮುಗಿಯಿತು.

ನಾನು ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ. ಆಯಿಯ ಕೈ ಹಿಡಿದು ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಇನ್ನೇನು ಮಾಡಬಹುದೆಂದು ಯೋಚಿಸುತ್ತಿದ್ದೆ. ಬಂದ ಸ್ವಲ್ಪ ಹೊತ್ತಿಗೆ ರೂಢಿಯ ಪ್ರಕಾರ ಸುಬಲ್ ಕಪ್ ತೆಗೆದುಕೊಳ್ಳಲು ಬಂದ. ಅವನ ತಂಡದವರು ರಸ್ತೆಯಲ್ಲೇ ನಿಂತರು. ಈ ಸಲ ಆಯಿ ಅವನನ್ನು ಒಳಗೆ ಕರೆಯಲಿಲ್ಲ. ತಾನೇ ಕಪ್ಪನ್ನು ಎತ್ತಿಕೊಂಡು ಅಂಗಡಿಗೆ ಬಂದು, ಹೂವನ್ನು ಕಿತ್ತು ಕೆಳಗೆ ಹಾಕಿ, ಅವನ ಕೈಗೆ ಕೊಟ್ಟಳು. ಅಪ್ಪ ಪಂಪಿನ ಪಕ್ಕ ತಲೆ ತಗ್ಗಿಸಿ ಕೂತಿದ್ದ.

“ಒಂದು ವರ್ಷ ನಮ್ಮನ್ಯಾಗ ಉಂಡು ನಮಗಽ ಹಿಂಗ ಮಾಡ್ದಿ. ನಿನಗ ನಾವು ಏನು ಕಡಿಮಿ ಮಾಡಿದ್ವಿ?”

ಸುಬಲ್ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ನಿಮ್ಮನ್ಯಾಗ ನಾ ಉಂಡಿದ್ದು ಇವತ್ತೊಂದಽ ಹೊತ್ತು ಆಯಿ. ಒಂದು ವರ್ಷ ಉಂಡಿದ್ದು ಈ ಅಂಗಡ್ಯಾಗ. ಕಪ್ ಗೆದ್ದು ತಂದ ದಿನಾನೂ ಇಲ್ಲೇ ಉಂಡೆ, ಮಳ್ಯಾಗೂ ಇಲ್ಲೇ ಉಂಡೆ. ಕಪ್ ಇದ್ದ ಮನ್ಯಾಗ, ಎದುರಿನವ್ರಿಗೆ ಒಳಗ ಊಟ ಅಂತ ಗೊತ್ತಿತ್ತು. ಅದಕ್ಕಽ ಆ ಊರಿಗೆ ಹೋದೆ. ನಿಮ್ಮಾಂವ ಆಗಿದ್ರ ನೀವು ನನ್ನ ಒಳಗ ಕರೀತಿರ್ಲಿಲ್ಲ.”

ಅಪ್ಪನಿಗೆ ಕೈಮುಗಿದು, ಅಡುಗೆಮನೆಯ ದಿಕ್ಕಿಗೆ ಮುಖ ಮಾಡಿ, ವೈನಿ ಹೋಳಿಗಿ ಛಲೋ ಆಗಿದ್ವು ಅಂತ ಹೇಳ್ರಿ ಎಂದು ಹೊರಟುಹೋದ. ರಸ್ತೆಯಲ್ಲಿ ಕೇಕೆ ಎದ್ದಿತು. ನಾನು ಅಂಗಡಿಯ ಟೈರುಗಳ ನಡುವೆ ನಿಂತೇ ಇದ್ದೆ. ಒಂದು ವರ್ಷ ನಾನು ದಿನಾ ತಾಟು 'ಒಳಗಿನಿಂದ' ಹೊರಗೆ ತಂದದ್ದೂ, ಅದು ಮತ್ತೆ ಒಳಗೆ ಹೋಗದೇ ಇದ್ದದ್ದೂ ಆಗ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಿಟ್ಟು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಆದರೆ ಅದು ಲಿಂಗಸುಗೂರಿನ ಬಸ್ಸಿನ ಹಿಂದೆ ಹೋಗದೆ ಮನೆಯ ಕಡೆಗೇ ತಿರುಗಿತು. ನನ್ನನ್ನು ಇಷ್ಟು ತಿಂಗಳು ತಪ್ಪು ಮನುಷ್ಯನ ಮೇಲೆ ಹಗೆ ಸಾಧಿಸಲು ಹಚ್ಚಿದ್ದರು. ಅದನ್ನು ನಾನು ಆಯಿಗೆ ಇವತ್ತಿಗೂ ಮಾಫ್ ಮಾಡಿಲ್ಲ, ಅವಳು ಸತ್ತು ಇಷ್ಟು ವರ್ಷವಾದರೂ.

ಆಯಿಗೆ ಅವನ ಮಾತು ತಟ್ಟಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಹೊಸ್ತಿಲಿನ ಕಟ್ಟನ್ನು ಗೆಲ್ಲಲೆಂದು ತಾನೇ ಮುರಿದಿದ್ದಳು, ಸೋತ ಮೇಲೆ ಅದು ಅವಳನ್ನು ಸುಡುತ್ತಿತ್ತು. ಸರಸರನೆ ಒಳಗೆ ಹೋಗಿ ನಡುಮನೆಯ ನಡುವೆ ನಿಂತಳು. ನಾನು ಅವಳ ಹಿಂದೆಯೇ ಪಡಸಾಲೆಗೆ ಬಂದೆ.

“ನೆಲ ಸಾರಸ್ಬೇಕು. ಅಂವ ಕುಂತ ಜಾಗಾ ಎರಡು ಸಲ ಸಾರಸು. ಸೆಗಣಿ ತಗೊಂಡು ಬಾ,” ಎಂದಳು ಅವ್ವನಿಗೆ.

ಅವ್ವ ಹಿತ್ತಲಿಗೆ ಹೋಗಲಿಲ್ಲ. ಅಡುಗೆಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ತಾಟಿತ್ತು, ತಾಟಿನಲ್ಲಿ ಹೋಳಿಗೆ. ಸುಬಲ್ ಕೂತಿದ್ದ ಜಾಗಕ್ಕೇ ನೇರವಾಗಿ ಹೋಗಿ, ಅವನು ಕೂತ ಹಾಗೇ ಜಗಲಿಗೆ ಬೆನ್ನು ಮಾಡಿ, ಚಕ್ಕಳಮಕ್ಕಳ ಹಾಕಿ ಕೂತಳು. ನಮ್ಮವ್ವ ನಡುಮನೆಯಲ್ಲಿ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಅವಳ ಊಟ ಯಾವಾಗಲೂ ಒಲೆಯ ಮುಂದೆ, ಎಲ್ಲರದೂ ಆದ ಮೇಲೆ.

“ಏಳು ಅಲ್ಲಿಂದ. ಹೇಳಿದ್ದು ಕೇಳಿಸ್ಲಿಲ್ಲೇನು?”

“ಉಣ್ಣಾಕತ್ತೀನ್ರಿ ಅತ್ತೀ,” ಎಂದಳು ಅವ್ವ.

ಉಣ್ಣುತ್ತಿರುವವರನ್ನು ಎಬ್ಬಿಸಬಾರದು, ಯಾರಾದರೂ ಉಣ್ಣುವಾಗ ನೆಲಕ್ಕೆ ಸೆಗಣಿ ಮುಟ್ಟಿಸಬಾರದು. ಇದನ್ನು ನಮಗೆಲ್ಲ ಕಲಿಸಿದವಳು ಆಯಿಯೇ. ಅವಳು ತಾನೇ ಹಿತ್ತಲಿಗೆ ಹೋಗಿ ಸೆಗಣಿಯ ಬುಟ್ಟಿ ತಂದು ಹೊಸ್ತಿಲ ಹತ್ತಿರ ನಿಂತಳು. ಅವ್ವ ತಲೆಯೆತ್ತಲಿಲ್ಲ. ಹೋಳಿಗೆಯನ್ನು ಚೂರು ಚೂರೇ ಮುರಿದು, ಒಂದೊಂದು ಚೂರನ್ನೂ ಬಹಳ ಹೊತ್ತು ಅಗಿಯುತ್ತಿದ್ದಳು. ಅಪ್ಪ ಪಡಸಾಲೆಯವರೆಗೆ ಬಂದು, ನೋಡಿ, ಮತ್ತೆ ಅಂಗಡಿಗೆ ಹೋದ. ತಾಟಿನಲ್ಲಿದ್ದದ್ದು ಮುಗಿಯುತ್ತ ಬಂದಾಗ ಆಯಿ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಆಗ ಅವ್ವ ನನ್ನ ಕಡೆ ನೋಡಿದಳು.

“ನಾಗೀ, ಇನ್ನೊಂದು ಹಾಕು.”

ಆಯಿಯೂ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಪಕ್ಕದಿಂದಲೇ ದಾಟಿ ಅಡುಗೆಮನೆಗೆ ಹೋಗಿ ಹೋಳಿಗೆಯ ಬುಟ್ಟಿಯನ್ನೇ ಎತ್ತಿಕೊಂಡು ಬಂದೆ. ಒಂದು ಹಾಕಿದೆ. ಅವ್ವ ಕೇಳದಿದ್ದರೂ ತುಪ್ಪ ಸುರಿದೆ.